ಖಾಲಿ ಕೊಡಬಾರದ ಬೋಗೋಣಿ

ಕದ ಸ್ವಲ್ಪ ಮುಂದ ಮಾಡ್ರಿ. ಹಾಂ, ಅಷ್ಟ ಸಾಕು. ಪೂರಾ ಹಾಕಿದರ ಒಳಗ ಏನೋ ನಡದೈತಿ ಅಂತ ಓಣಿಗೆಲ್ಲ ಗೊತ್ತಾಗತೈತಿ. ಈಗ ನಾ ಹೇಳೂದು ನಿಮ್ಮ ಹೊಟ್ಟ್ಯಾಗ ಇರಬೇಕು. ನಮ್ಮ ಮನಿಗೂ ಗುರುಬಸವ್ವನ ಮನಿಗೂ ನಡುವ ಒಂದ ಗ್ವಾಡಿ. ಗ್ವಾಡಿಗೆ ಕಿವಿ ಇರತಾವ ಅಂತಾರ. ಈ ಗ್ವಾಡಿಯ ಕಿವ್ಯಾಗ ಬೆಂಡ್ವಾಲಿನೂ ಅದಾವು. ಯಾರ ಮುಂದೂ ಹೇಳಂಗಿಲ್ಲ ಅಂತ ಆಣಿ ಮಾಡ್ರಿ. ಮಾಡಿದಿರಿ? ಹಂಗಾದರ ಕೇಳ್ರಿ. ನಾನೂ ಇಲ್ಲೀತನಕ ಯಾರ ಮುಂದೂ ಬಾಯಿ ಬಿಟ್ಟಿಲ್ಲ, ಸಕ್ಕುಬಾಯಿ ಒಬ್ಬಾಕಿನ ಬಿಟ್ಟು. ಮತ್ತ ಅವತ್ತು ಬಾವಿಕಟ್ಟಿ ಮ್ಯಾಲೆ ಇದ್ದವರನ್ನ ಬಿಟ್ಟು.

ಸಾವಿರದ ಒಂಬೈನೂರ ಅರವತ್ತೇಳನೆಯ ಇಸವಿ, ಶೀಗಿ ಹುಣ್ಣಿಮೆಯ ವಾರದಲ್ಲಿ, ನಮ್ಮ ಮುಂಡಗೋಡಿನ ಒಂದು ಸರಕಾರಿ ಕಚೇರಿಗೆ ಒಂದು ಎಮ್ಮೆ ಹಾಜರಾಯಿತು. ಹಾಜರಾದದ್ದು ಇವತ್ತಿನವರೆಗೂ ಒಂದು ದಿನ ರಜೆ ಹಾಕಿಲ್ಲ.

ಅದರ ಹಿಂದಿನ ವರ್ಷ ಟಿಬೇಟದ ಮಂದಿ ನಮ್ಮ ಸೀಮೆಗೆ ಬಂದಿದ್ದರು. ಊರ ಹೊರಗೆ ಕಾಡು ಕಡಿದ ಜಾಗದಲ್ಲಿ ಸಾಲಾಗಿ ಮನೆ, ಮನೆಗಿಷ್ಟು ಗೋವಿನಜೋಳದ ಹೊಲ. ಬಂದವರು ನಮ್ಮ ಸಂತೆಗೆ ಬಂದರು, ಮೆಣಸಿನಕಾಯಿ ಕೊಂಡರು, ತೂಕದಲ್ಲಿ ಮೋಸ ಹೋದರು, ಮುಂದಿನ ಸಂತೆಗೆ ತಾವೇ ತಕ್ಕಡಿ ಹಿಡಿದುಕೊಂಡು ಬಂದರು. ಅಂದರೆ ನಮ್ಮ ಪದ್ಧತಿ ಅವರಿಗೆ ಎಂಟು ದಿನದಲ್ಲಿ ತಿಳಿದುಹೋಗಿತ್ತು. ಆದರೆ ಅವರಿಗೆ ತಿಳಿದದ್ದು ಸರಕಾರಕ್ಕೆ ತಿಳಿಯುವುದು ಹೆಂಗ? ಅದಕ್ಕೆಂದೇ ಒಂದು ಕಚೇರಿ ತೆರೆದರು. ಬೋರ್ಡಿನ ಮೇಲೆ 'ನವಾಗತ ರೂಢಿ ಪರಿಚಯ ಕಚೇರಿ' ಅಂತ ಬರೆದಿತ್ತು. ನಾವು ರೂಢಿ ಆಫೀಸು ಅನ್ನುತ್ತಿದ್ದೆವು.

ಆ ಕಚೇರಿಗೆ ಮೂವರು. ಸಾಹೇಬರು ಮೈಸೂರು ಕಡೆಯವರು; ನಮ್ಮ ಖಡಕ್ ರೊಟ್ಟಿಯನ್ನು ಮೊದಲ ದಿನ ಬೆರಳಿಂದ ಬಡಿದು ನೋಡಿ, ಇದನ್ನು ನೆನೆಹಾಕಿ ತಿನ್ನುವುದೋ ಎಂದು ಕೇಳಿದವರು. ಕಾರಕೂನ ಈಶಪ್ಪ ಹಳಿಯಾಳದವನು. ಸಿಪಾಯಿ ಪಾಂಡಪ್ಪ ನಮ್ಮ ಊರವನೇ. ಮೊದಲ ವಾರವೇ ಡಂಗುರ ಹೊಡೆಸಿದರು. ಈಶಪ್ಪ ಆಮೇಲೆ ನನಗೆ ಓದಿ ಹೇಳಿದ್ದು ಬಾಯಿಪಾಠವಾಗಿದೆ:

"ಈ ಮೂಲಕ ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ಸ್ಥಳೀಯ ರೂಢಿಗಳಲ್ಲಿ ಸಂಪೂರ್ಣ ಬೆರೆತ ಹೊಸಬರಿಗೆ ರೂಢಿ ಪತ್ರವನ್ನೂ, ರೂಢಿ ಪತ್ರವಿದ್ದವರಿಗೆ ಹಾಲು ಹಿಂಡುವ ಎಮ್ಮೆಯೊಂದನ್ನೂ ಕೊಡಲಾಗುವುದು. ಅರ್ಧ ಬೆರೆತವರ ಅರ್ಜಿಗಳನ್ನು ಪರಿಗಣಿಸಲಾಗುವುದಿಲ್ಲ."

ಇನ್ನು ಸ್ಥಳೀಯ ರೂಢಿ ಯಾವುವು ಅಂತ ಗೊತ್ತಾಗಬೇಕಲ್ಲ? ಸಾಹೇಬರು ಊರ ಹಿರಿಯರನ್ನು ಕೂಡಿಸಿ ಕೇಳಿದರು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. "ನಮ್ಮಲ್ಲೆ ರೂಢಿ ಅಂತ ಏನ ಇಲ್ರಿ ಸಾಹೇಬ್ರ, ಹಿಂಗ ಇರತೇವಿ," ಅಂದರು. ಸಾಹೇಬರು ಪ್ರಾಮಾಣಿಕರು. 'ಸ್ಥಳೀಯ ರೂಢಿಗಳು: ಇಲ್ಲ' ಎಂದು ಬರೆದು ಹಳಿಯಾಳದಲ್ಲಿದ್ದ ತಮ್ಮ ಮೇಲಿನ ಕಚೇರಿಗೆ ಕಳಿಸಿದರು. ಅಲ್ಲಿಂದ ಮರುಟಪಾಲಿಗೇ ಉತ್ತರ: 'ರೂಢಿ ಇಲ್ಲದ ಊರಿನಲ್ಲಿ ರೂಢಿ ಕಚೇರಿ ಏಕೆ ಇರಬೇಕೆಂಬುದಕ್ಕೆ ಕಾರಣ ತೋರಿಸುವುದು.'

ಆ ದಿನ ಈಶಪ್ಪ ನಮ್ಮ ಮನೆಗೆ ಬಂದ ರೀತಿ ನೋಡಬೇಕಿತ್ತು. ಚಪ್ಪಲಿ ಸಹ ಬಿಡಲಿಲ್ಲ.

"ನೀಲಕ್ಕಾ, ಈ ಊರಾಗ ಮಂದಿ ಹೆಂಗ ಇರತಾರ ಅನ್ನೂದು ನಿನಗ ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ಲ. ನಮ್ಮ ರೂಢಿ ಏನೇನ ಅದಾವು ಹೇಳು. ಸಂಜಿಯೊಳಗ ಹದಿನೇಳು ಬೇಕು."

"ಹದಿನೇಳ ಯಾಕೋ?"

"ಹಾಳ್ಯಾಗ ಹದಿನೇಳು ಗೆರಿ ಅದಾವು."

ಆಯಿತು ಅಂತ ಕೂತೆ. ನಾನು ಕನ್ನಡ ಎರಡನೆಯ ಇಯತ್ತೆ ಕಲಿತವಳು. ಆದರೆ ಹೇಳುವುದಕ್ಕೆ ಇಯತ್ತೆ ಬೇಕಿಲ್ಲ. ನಾ ಹೇಳಿದ್ದನ್ನು ಈಶಪ್ಪ ಕಚೇರಿ ಮಾತಿಗೆ ತಿರುವಿ ಬರೆದುಕೊಂಡ. ಒಂದನೆಯದು: ಎದುರಿಗೆ ಸಿಕ್ಕವರನ್ನು ಊಟವಾಯಿತೇ ಎಂದು ಕೇಳತಕ್ಕದ್ದು, ಆಗಿಲ್ಲವೆಂದರೆ ಕೇಳಿಸದಂತೆ ಮುಂದೆ ಹೋಗತಕ್ಕದ್ದು. ನಾಲ್ಕನೆಯದು: ಚಹ ಬೇಡವೆಂದು ಮೂರು ಸಲ ಹೇಳತಕ್ಕದ್ದು, ನಾಲ್ಕನೆಯ ಸಲ ಹೇಳಿದವರನ್ನು ಸೊಕ್ಕಿನವರೆಂದು ತಿಳಿಯಲಾಗುವುದು. ಐದನೆಯದು: ಕೊಟ್ಟದ್ದನ್ನು ಬಿಡತಕ್ಕದ್ದಲ್ಲ. ಹನ್ನೊಂದನೆಯದು: ಓಣಿಯ ಯಾವುದೇ ಸುದ್ದಿಯನ್ನು ಮೊದಲು ಓಣಿಯ ಹಿರಿಯ ಹೆಣ್ಣುಮಗಳಿಗೆ ತಿಳಿಸತಕ್ಕದ್ದು. ಇದು ಹೊಸದೇನಲ್ಲ, ಮಂದಿ ಮರೆಯುತ್ತಿದ್ದರು, ಅಷ್ಟೇ.

ಆರನೆಯದನ್ನು ಬರೆಸುವಾಗ ಗುರುಬಸವ್ವ ನಮ್ಮ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. 'ತುಂಬಿ ಬಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸತಕ್ಕದ್ದಲ್ಲ' ಅಂತ ಈಶಪ್ಪ ಓದಿದ. ಗುರುಬಸವ್ವ ಕೆಮ್ಮಿದಳು. ಆಕೆಗೆ ಮೊದಲಿಂದಲೂ ಕೆಮ್ಮು ಇದೆ.

"ಅದರ ಕೆಳಗ ಇನ್ನೊಂದು ಮಾತು ಹಾಕೋ ಈಶಪ್ಪಾ," ಅಂದೆ. "ತುಂಬಾಕ ಮನ್ಯಾಗ ಏನೂ ಇಲ್ಲದಿದ್ದರ, ಇದ್ದಾಗ ಕೊಡಬೇಕು ಅಂತ."

"ಎಷ್ಟು ದಿನದೊಳಗ ಅಂತ ಬರಿಲಿ?"

"ದಿನದ ಮಾತು ಯಾಕ ಬೇಕೋ? ಬಡವರ ಮನಿ, ಯಾವಾಗ ಇರತೈತೋ."

ಗುರುಬಸವ್ವ ಮತ್ತೆ ಕೆಮ್ಮಿದಳು.

ಹದಿನೇಳು ರೂಢಿಗಳಿಗೆ ಮಂಜೂರಿ ಬಂತು. ಕಚೇರಿ ಉಳಿಯಿತು. ನನ್ನ ಮನೆಯನ್ನು 'ಮಾದರಿ ಸ್ಥಳೀಯ ಮನೆ' ಅಂತ ಕಾಗದದಲ್ಲಿ ಗೊತ್ತು ಮಾಡಿದರು. ಗುರುಬಸವ್ವನ ಮನೆಯನ್ನು ಮಾಡಲಿಲ್ಲ. ಆಕೆಯ ಸೊಸೆ ಆಕೆಯ ಸಂಗಡ ಮಾತು ಬಿಟ್ಟು ಎರಡು ತಿಂಗಳಾಗಿತ್ತು. ಅಂಥ ಮನೆ ಮಾದರಿ ಹೆಂಗ ಆಗತೈತಿ ಅಂತ ಸಾಹೇಬರ ಕಿವಿಗೆ ಯಾರೋ ಹಾಕಿದ್ದರು. ಯಾರು ಅಂತ ನನಗೆ ಗೊತ್ತಿದ್ದರೂ ಹೇಳುವುದಿಲ್ಲ.

ನಮ್ಮ ಮನೆಗೆ ಗೊತ್ತಾದ ಮೊದಲನೆಯ ಹೊಸಬಳು ಯಾಂಗ್ಚೆನ್. ನಲವತ್ತರ ಹೆಂಗಸು, ಗಟ್ಟಿಮುಟ್ಟು, ಎರಡು ಜಡೆ, ಮುಂದೆ ಪಟ್ಟೆ ಪಟ್ಟೆಯ ಬಟ್ಟೆ ಕಟ್ಟಿಕೊಂಡವಳು. ಅಷ್ಟು ದೊಡ್ಡ ಹೆಸರು ಓಣಿಯಲ್ಲಿ ನಡೆಯುವುದಿಲ್ಲ, ಅದಕ್ಕೆ ಯಂಚವ್ವ ಅಂದೆವು. ಆಕೆಯೂ ಓಗೊಟ್ಟಳು. ಆಕೆಯ ಜಾತಿಯವರೆಲ್ಲ ಅರ್ಜಿ ಕೈಯಲ್ಲಿ ಹಿಡಿದು, ಮೊದಲು ಯಂಚವ್ವನ ಹಣೆಬರಹ ಏನಾಗುತ್ತದೋ ನೋಡೋಣ ಅಂತ ಕಾದಿದ್ದರು.

"ನಿನಗ ಎಮ್ಮಿ ಎದಕ?" ಅಂತ ಮೊದಲ ದಿನವೇ ಕೇಳಿದೆ.

"ಚಾಕ್ಕ," ಅಂದಳು.

ಅವರ ಚಹಕ್ಕೆ ಉಪ್ಪು ಹಾಕಿ, ಬೆಣ್ಣೆ ಹಾಕಿ ಕಡೆಯುತ್ತಾರಂತೆ. ಆಕೆಯ ಅತ್ತೆ ಎಂಬತ್ತರ ಮುದುಕಿ. ಬೆಣ್ಣೆಯಿಲ್ಲದ್ದು ಚಹವೇ ಅಲ್ಲ, ಒಳ್ಳೆಯ ಚಹ ಕುಡಿಯುವ ತನಕ ತಾನು ಸಾಯುವುದಿಲ್ಲ ಅಂತ ಹಟ ಹಿಡಿದು ಕೂತಿದ್ದಳಂತೆ.

"ಹಂಗಾದರ ಎಮ್ಮಿ ತರಬ್ಯಾಡ," ಅಂದೆ. "ಇರಲಿ ಮುದುಕಿ."

"ಇಲ್ಲ ಯಕ್ಕಾ. ಬೆಣ್ಣಿ ಇಲ್ಲ ಅಂತ ದಿನಾ ನನ್ನ ಬೈತಾಳ. ಎಮ್ಮಿ ಬೇಕು."

ಇದಿಷ್ಟೇ ಆಕೆಗೆ ಬೇಕಾದದ್ದು. ಬೈಗುಳ ತಪ್ಪಲಿಕ್ಕೆ ಒಂದು ಎಮ್ಮೆ. ಸೊಸೆಯಾದವರಿಗೆ ತಿಳಿಯುತ್ತದೆ.

ನಲವತ್ತು ದಿನ ಕಲಿಸಿದೆ. ರೊಟ್ಟಿ ಬಡಿಯುವುದನ್ನು ಹತ್ತು ದಿನದಲ್ಲಿ ಕಲಿತಳು. ಮಾತು ಅದಕ್ಕಿಂತ ಬೇಗ ಕಲಿತಳು. ಆದರೆ ನನ್ನಿಂದಲೇ ಕಲಿತದ್ದರಿಂದ, ಸಂತೆಯಲ್ಲಿ ಆಕೆ ಬಾಯಿ ತೆರೆದರೆ ಬದನೆಕಾಯಿಯವರು ನಾನೇ ಬಂದೆನೆಂದು ಹಿಂದೆ ತಿರುಗಿ ನೋಡುತ್ತಿದ್ದರು. ನಾಲ್ಕನೆಯ ರೂಢಿಯನ್ನು ಕಲಿಸಬೇಕಾಗಲೇ ಇಲ್ಲ. ಅವರ ದೇಶದಲ್ಲೂ ಮೂರು ಸಲ ಬೇಡ ಅನ್ನುತ್ತಾರಂತೆ.

ತೊಂದರೆ ಬಂದದ್ದು ಸಕ್ಕುಬಾಯಿಯಿಂದ. ಮೂರನೆಯ ಮನೆಯ ಸಕ್ಕುಬಾಯಿಗೆ ಯಂಚವ್ವನ ಮನೆಯೊಳಗೆ ಏನೇನು ಇದೆ ಅಂತ ನೋಡುವ ಚಟ. ಒಂದು ದಿನ ನನ್ನ ಬೆನ್ನಿಗೆ ಬಂದಳು. ನಾನು ಒಂದು ಉಂಡೆ ಬೆಣ್ಣೆ ಒಯ್ದಿದ್ದೆ, ಚಹ ಆಯಿತು. ನಮ್ಮಲ್ಲಿ ಕೊಟ್ಟದ್ದನ್ನು ಬಿಡಬಾರದು. ಅವರಲ್ಲಿ ಬಂದವರ ಲೋಟ ಬರಿದಾಗಲು ಬಿಡಬಾರದು. ಸಕ್ಕುಬಾಯಿ ಮರ್ಯಾದೆಯಿಂದ ಕುಡಿದು ಮುಗಿಸಿದಳು. ಯಂಚವ್ವ ಮರ್ಯಾದೆಯಿಂದ ತುಂಬಿದಳು. ಈಕೆ ಮುಗಿಸಿದಳು, ಆಕೆ ತುಂಬಿದಳು.

"ಅಗಾಬಾಯಿ ನೀಲಕ್ಕಾ," ಅಂತ ಸಕ್ಕುಬಾಯಿ ಕಡೆಗೆ ಕಣ್ಣಲ್ಲಿ ನೀರು ತಂದಳು, "ಹನ್ನೊಂದಾತು! ಈಕಿನ್ನ ಯಾರಾದರೂ ಹಿಡೀರಿ!"

"ನೀ ಬಿಡು, ಆಕಿ ಬಿಡತಾಳ."

"ನಾ ಹೆಂಗ ಬಿಡಲಿ? ನೀನ ಬರಿಸೀದಿ, ಬಿಡಬಾರದಂತ!"

ಹನ್ನೆರಡನೆಯದಕ್ಕೆ ಚಹ ತೀರಿತು. ಆಗ ಸಕ್ಕುಬಾಯಿ ಎದ್ದಳು. ಯಂಚವ್ವ ಇಷ್ಟು ಹೊತ್ತೂ ಕಣ್ಣು ಸಣ್ಣ ಮಾಡಿ ಆಕೆಯನ್ನೇ ನೋಡುತ್ತಿದ್ದಳು. ಆಕೆ ಆವತ್ತೇ ಏನೋ ತಿಳಿದುಕೊಂಡಳು ಅಂತ ನನಗೆ ಈಗ ಅನಿಸುತ್ತದೆ.

ಕಡೆಯ ಪರೀಕ್ಷೆ ಆರನೆಯ ರೂಢಿಯದು. ಶೀಗಿ ಹುಣ್ಣಿಮೆಯ ದಿನ ನನ್ನ ಹಿತ್ತಾಳೆ ಬೋಗೋಣಿ ತುಂಬ ಗೋಧಿ ಹುಗ್ಗಿ ಹಾಕಿ ಯಂಚವ್ವನಿಗೆ ಕೊಟ್ಟೆ. ಆಕೆ ಅದನ್ನು ಏನಾದರೂ ತುಂಬಿ, ಸಾಹೇಬರ ಎದುರಿಗೆ ತಂದು ಇಟ್ಟು ತೋರಿಸಬೇಕು. ಈ ಬೋಗೋಣಿಯ ಮಾತು ಹೇಳಿಬಿಡುತ್ತೇನೆ. ಅದು ನನ್ನ ಹಡೆದವ್ವ ಕಾಶೆವ್ವನದು. ಅಂಚು ದಪ್ಪ, ಒಳಗೆ ಕಲಾಯಿ. ಹೊರಗೆ ಹೆಸರು ಕೆತ್ತಿಸಿದ್ದು ಬೂದಿ ಹಚ್ಚಿ ತಿಕ್ಕಿ ತಿಕ್ಕಿ ಸವೆದು, ಕಡೆಗೆ 'ವ್ವ' ಅನ್ನುವುದೊಂದೇ ಉಳಿದಿದೆ. ಕಾಶೆವ್ವನ 'ವ್ವ' ಅದು. ಗುರುಬಸವ್ವ ಅದನ್ನು ಕಂಡಾಗೆಲ್ಲ ಕೈಯಲ್ಲಿ ತಿರುವಿ ನೋಡುತ್ತಾಳೆ. "ಹಗೂರ ತಿಕ್ಕವಾ ನೀಲಕ್ಕಾ, ಇದ್ದ ಅಕ್ಷರನೂ ಹೋದೀತು," ಅನ್ನುತ್ತಾಳೆ. ಹೊಟ್ಟೆಕಿಚ್ಚು, ಇನ್ನೇನು.

ಅದೇ ವಾರ ಯಂಚವ್ವನ ಹೆಸರಿನ ಎಮ್ಮೆ ಬಂದು ಕಚೇರಿಯ ಹಿತ್ತಲಲ್ಲಿ ನಿಂತಿತ್ತು. ಚೊಲೋ ಎಮ್ಮೆ. ದಿನಕ್ಕೆ ನಾಲ್ಕು ಸೇರು.

ಮರುದಿನ ಯಂಚವ್ವ ಬೋಗೋಣಿ ತಂದು ಮೇಜಿನ ಮೇಲೆ ಇಟ್ಟಳು.

"ಪಾತ್ರೆ ತುಂಬಿ ಬಂದಿದೆಯೇ?" ಅಂದರು ಸಾಹೇಬರು.

"ಬಂದೈತ್ರಿ," ಅಂದ ಪಾಂಡಪ್ಪ.

"ಏನು ತುಂಬಿದೆ?"

ಪಾಂಡಪ್ಪ ಒಂದು ತೆಗೆದು ಮೇಜಿಗೆ ಬಡಿದ. ಟಕ್ ಅಂತು. "ಕಲ್ಲು ಅನಸ್ತಾವ್ರಿ."

ಸಾಹೇಬರು 'ಕಲ್ಲು' ಅಂತ ಬರೆದರು. ಯಂಚವ್ವ ಒಂದನ್ನು ಬಾಯಿಗೆ ಹಾಕಿಕೊಂಡಳು. ಸಾಹೇಬರು ತಿದ್ದಿ 'ತಿನ್ನುವ ಕಲ್ಲು' ಅಂತ ಬರೆದರು. ಅವು ಹಾಲು ಒಡೆಸಿ, ಹಿಂಡಿ, ಒಣಗಿಸಿ ದಾರಕ್ಕೆ ಪೋಣಿಸಿದ ಗಟ್ಟಿಗಳು. ಆಕೆ ತನ್ನ ದೇಶದಿಂದ ಕೊರಳಿಗೆ ಹಾಕಿಕೊಂಡು ಗುಡ್ಡ ದಾಟಿದಾಗ ತಂದದ್ದರಲ್ಲಿ ಉಳಿದದ್ದು ಅಷ್ಟೇ.

"ಎಲ್ಲಾ ಹಾಕಿಬಿಟ್ಟಿ?" ಅಂತ ಹೊರಗೆ ಬಂದ ಮೇಲೆ ಕೇಳಿದೆ. "ಇನ್ನ ನಿನಗ?"

"ದಾರ ಐತಲ್ಲ ಯಕ್ಕಾ," ಅಂದಳು.

ಆ ಗಟ್ಟಿ ಬಾಯಿಗಿಟ್ಟರೆ ಅರ್ಧ ದಿನ ಕರಗುವುದಿಲ್ಲ. ಕಚೇರಿಯ ಮೂವರೂ ಅದನ್ನು ದವಡೆಯಲ್ಲಿಟ್ಟುಕೊಂಡು ಮೂರು ದಿನ ಕೆಲಸ ಮಾಡಿದರು. ಆ ಮೂರು ದಿನ ಕಚೇರಿಯಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ, ನಾಳೆ ಬಾ ಅನ್ನಲಿಲ್ಲ. ಅಂಥ ಆಡಳಿತ ಮತ್ತೆ ನೋಡಲಿಲ್ಲ.

ನಾಲ್ಕನೆಯ ದಿನ ಗಟ್ಟಿ ತೀರಿತು, ನೋಟೀಸು ಹೊರಟಿತು:

"ಸದರಿ ಪಾತ್ರೆಯು ಕಚೇರಿಗೆ ತುಂಬಿ ಬಂದಿರುವುದರಿಂದ, ಆರನೆಯ ರೂಢಿಯಂತೆ ಕಚೇರಿಯು ಅದನ್ನು ಖಾಲಿ ಹಿಂದಿರುಗಿಸುವಂತಿಲ್ಲ. ತುಂಬಲು ಕಚೇರಿಯಲ್ಲಿ ಏನೂ ಇರುವುದಿಲ್ಲ. ಆದಕಾರಣ, ಇದ್ದಾಗ ಕೊಡಲಾಗುವುದು. ಪಾತ್ರೆ ಹಿಂದಿರುಗುವವರೆಗೆ ಪರೀಕ್ಷೆ ಮುಗಿಯತಕ್ಕದ್ದಲ್ಲ. ಪರೀಕ್ಷೆ ಮುಗಿಯುವವರೆಗೆ ಎಮ್ಮೆಯು ಕಚೇರಿಯ ವಶದಲ್ಲಿರತಕ್ಕದ್ದು."

ನಾನೇ ಹೋಗಿ ಕೇಳಿದೆ. "ಏನೂ ಇಲ್ಲ ಅಂದರ ಹೆಂಗ್ರಿ ಸಾಹೇಬ್ರ? ಹಿತ್ತಲದಾಗ ಎಮ್ಮಿ ನಾಲ್ಕ ಸೇರು ಹಿಂಡಾಕತ್ತೈತಿ."

"ಹಿಂಡುತ್ತದಮ್ಮ, ಇಲ್ಲವೆನ್ನುವುದಿಲ್ಲ," ಅಂದರು ಸಾಹೇಬರು, ಬಹಳ ಸಮಾಧಾನದಿಂದ. "ಆದರೆ ಹಿಂಡಿದ ಮೇಲೆ ಕಚೇರಿಯಲ್ಲಿ ಉಳಿಯುವುದಿಲ್ಲವಲ್ಲ."

ನಿಜ, ಉಳಿಯುತ್ತಿರಲಿಲ್ಲ. ಎರಡು ಸೇರು ಸಾಹೇಬರಿಗೆ, ಒಂದು ಈಶಪ್ಪನಿಗೆ, ಅರ್ಧ ಪಾಂಡಪ್ಪನಿಗೆ. ಉಳಿದ ಅರ್ಧ ಸೇರನ್ನು ಪಾಂಡಪ್ಪ ದಿನಾ ಮುಂಜಾನೆ ಮಾದರಿ ಸ್ಥಳೀಯ ಮನೆಗೆ ತಂದು ಕೊಡುತ್ತಿದ್ದ. ನಾನು ಬೇಡ ಅಂತ ಮೂರು ಸಲ ಹೇಳಿದೆ. ನಾಲ್ಕನೆಯ ಸಲ ಹೇಳಿದರೆ ಸೊಕ್ಕು ಅಂತ ನಾನೇ ಬರೆಸಿದ್ದೆನಲ್ಲ.

ಯಂಚವ್ವ ದಿನಾ ಬಂದು ಹಿತ್ತಲ ಬೇಲಿಗೆ ನಿಂತು ತನ್ನ ಎಮ್ಮೆಯನ್ನು ನೋಡಿಕೊಂಡು ಹೋಗುತ್ತಿದ್ದಳು. ಮನೆಯಲ್ಲಿ ಮುದುಕಿ ಬೈಯುತ್ತಿದ್ದಳು. ಇಲ್ಲಿ ಕಚೇರಿಯವರು, 'ಪಾತ್ರೆಯನ್ನು ಯಾವ ವಸ್ತುವಿನಿಂದ ತುಂಬಬೇಕು' ಅಂತ ಹಳಿಯಾಳಕ್ಕೆ ಬರೆದು, ಉತ್ತರ ಬಾರದಿರಲಿ ಅಂತ ಬೇಡಿಕೊಳ್ಳುತ್ತ ಕೆನೆ ತಿನ್ನುತ್ತಿದ್ದರು. ಸಾಹೇಬರ ಗಲ್ಲ ತುಂಬಿಕೊಂಡವು. ಬಂದಾಗ ಅಂಗಿಗೆ ಐದು ಗುಂಡಿ ಹಾಕುತ್ತಿದ್ದರು, ಆಗ ಮೂರೇ.

ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಉತ್ತರ ಬಂದೇಬಿಟ್ಟಿತು:

"ಇಂಥ ಪಾತ್ರೆಗಳನ್ನು, ಕಚೇರಿಯು ಆಯಾ ದಿನ ಉತ್ಪಾದಿಸುವ ವಸ್ತುವಿನಿಂದಲೇ ತುಂಬಿ, ಬಂದ ದಿನವೇ ಹಿಂದಿರುಗಿಸತಕ್ಕದ್ದು. ಕಚೇರಿಯು ಏನನ್ನು ಉತ್ಪಾದಿಸುತ್ತದೆ ಎಂಬುದನ್ನು ತಿಳಿಸುವುದು."

ಮೂವರೂ ಬಾಗಿಲು ಹಾಕಿ ಒಂದು ಮುಂಜಾನೆಯೆಲ್ಲ ವಿಚಾರ ಮಾಡಿದರು. ಹಾಲು ಬಿಟ್ಟರೆ ಬೇರೆ ಏನೂ ನೆನಪಾಗಲಿಲ್ಲ. ಹಂಗೇ ಬರೆದು ಕಳಿಸಿದರು. ಸಂಜೆ ಬೋಗೋಣಿ ತುಂಬ ಹಾಲು ಹಾಕಿ ಯಂಚವ್ವನ ಕೈಗೆ ಕೊಟ್ಟರು.

"ರೂಢಿ ಪತ್ರಕ್ಕೆ ನಾಳೆ ಸಹಿ ಮಾಡುತ್ತೇನೆ," ಅಂದರು ಸಾಹೇಬರು, ಸತ್ತವರ ಮನೆಗೆ ಬಂದವರ ದನಿಯಲ್ಲಿ.

ಮರುದಿನ ಮುಂಜಾನೆ ಏನಾಯಿತು ಅಂತೀರಿ? ಯಂಚವ್ವ ಬೋಗೋಣಿ ತುಂಬ ಉಪ್ಪಿನ ಚಹ ಹಾಕಿಕೊಂಡು ತಿರುಗಿ ಕಚೇರಿಗೆ ಹೊರಟಿದ್ದಳು! ನಾನು ಓಣಿಯಲ್ಲಿ ಅಡ್ಡ ನಿಂತೆ.

"ಏ ಹುಚ್ಚೀ, ಬೋಗೋಣಿ ಮನ್ಯಾಗ ಇಟಗೋ! ಅದು ತಿರಿಗಿ ಆಫೀಸಿಗೆ ಹೋದರ ಪರೀಕ್ಷಾ ಮತ್ತ ಮುಗ್ಯಾಂಗಿಲ್ಲ, ಎಮ್ಮಿ ನಿನ್ನ ಕೈಗೆ ಹತ್ತಂಗಿಲ್ಲ!"

"ಬೋಗೋಣಿ ತುಂಬಿ ಬಂದೈತಿ ಯಕ್ಕಾ. ಖಾಲಿ ಇಟಗೋಬಾರದು. ನೀನ ಕಲಿಸೀದಿ," ಅಂತ ಹೇಳಿ ಹೋದಳು.

ಕಚೇರಿಯಲ್ಲಿ ಹಬ್ಬವಾಯಿತು. ಈ ಹೆಂಗಸಿಗೆ ಬುದ್ಧಿ ಕಡಿಮೆ, ಎಮ್ಮೆ ಉಳಿಯಿತು ಅಂತ ಮೂವರೂ ನಕ್ಕರು. ಆದರೆ ಐದನೆಯ ರೂಢಿ ಗೋಡೆಯ ಮೇಲೆ ತೂಗುಹಾಕಿತ್ತು: ಕೊಟ್ಟದ್ದನ್ನು ಬಿಡತಕ್ಕದ್ದಲ್ಲ. ಮೂಗು ಹಿಡಿದುಕೊಂಡು ಉಪ್ಪಿನ ಚಹ ಕುಡಿದರು. ಸಂಜೆ ಬೋಗೋಣಿ ತುಂಬ ಹಾಲು ಕೊಟ್ಟರು. ಅದರ ಮರುದಿನ ಬೋಗೋಣಿಯ ಬದಲು ಒಂದು ತಪ್ಪಲೆ ಬಂತು, ಕಂಠದ ತನಕ ಉಪ್ಪಿನ ಚಹ. ಎಂಟು ದಿನಕ್ಕೆ ಅದಕ್ಕಿಂತ ದೊಡ್ಡ ತಪ್ಪಲೆ. ಹದಿನೈದು ದಿನಕ್ಕೆ, ಹಿಡಿದರೆ ನಾಲ್ಕೂವರೆ ಸೇರು ಹಿಡಿಯುವ ಕೊಡ.

ಎಮ್ಮೆ ಕೊಡುವುದು ನಾಲ್ಕೇ ಸೇರು. ಅರ್ಧ ಕೊಡ ಹಾಲು ಕೊಟ್ಟರೆ ಸಾಲದೇ ಅಂತ ಈಶಪ್ಪ ಕೇಳಿ ನೋಡಿದ. ಅದಕ್ಕೆ ಸಾಹೇಬರು ಪುಸ್ತಕ ತೆಗೆದು, 'ತುಂಬಿ' ಎಂದರೆ ತುಂಬಿಯೇ ಎಂದು ತೀರ್ಪು ಕೊಟ್ಟರು. ಅವರು ಪ್ರಾಮಾಣಿಕರು ಅಂತ ಮೊದಲೇ ಹೇಳಿದೆನಲ್ಲ. ಕೊರತೆಯ ಅರ್ಧ ಸೇರನ್ನು ದಿನಾ ಹೊರಗಿಂದ ಕೊಂಡು ತಂದರು. ಪಾಂಡಪ್ಪ ನನ್ನ ಮನೆಗೆ ಬರುವುದು ನಿಂತಿತು. ಮೂವರು ಗಂಡಸರು ಹಾಲಿಲ್ಲದೆ, ಹಗಲೆಲ್ಲ ಒಂದು ಕೊಡ ಉಪ್ಪಿನ ಚಹ ಕುಡಿದು ಮುಗಿಸುವುದರಲ್ಲೇ ಇದ್ದರು. ಅದರ ಮೇಲೆ ಎಮ್ಮೆಗೆ ಮೇವು ಕೊಯ್ಯುವುದು, ಸಗಣಿ ಬಳಿಯುವುದು, ಹೊಳೆಗೆ ಹೊಡೆದುಕೊಂಡು ಹೋಗುವುದು. ಎಮ್ಮೆ ಕಚೇರಿಯ ವಶದಲ್ಲಿತ್ತಲ್ಲ.

ಮುದುಕಿ ಬೈಯುವುದು ನಿಲ್ಲಿಸಿದಳು. ಚಹ ಬಂದರೆ ಸಾಯುತ್ತೇನೆ ಅಂದಿದ್ದಳಲ್ಲ, ಈಗ ದಿನಕ್ಕೆ ಹತ್ತು ಲೋಟ ಕುಡಿಯುತ್ತಾಳೆ, ಆ ಮಾತೇ ಎತ್ತುವುದಿಲ್ಲ.

ಹೋಳಿ ಹುಣ್ಣಿಮೆಗೆ ಮುಂಚೆ ಸಾಹೇಬರು ತಾವೇ ನಡೆದುಕೊಂಡು ಯಂಚವ್ವನ ಮನೆಗೆ ಹೋದರು. ಕೈಯಲ್ಲಿ ಸಹಿಯಾದ ರೂಢಿ ಪತ್ರ. ಹಿಂದೆ ಪಾಂಡಪ್ಪ, ಪಾಂಡಪ್ಪನ ಹಿಂದೆ ಎಮ್ಮೆ, ಎಮ್ಮೆಯ ಹಿಂದೆ ನಾನು. ಓಣಿಯ ಸುದ್ದಿ ಮೊದಲು ನನಗೆ ಬರಬೇಕೆಂದು ಹನ್ನೊಂದನೆಯ ರೂಢಿ ಇದೆ. ಬರುವ ತನಕ ಕಾಯಬೇಕು ಅಂತ ಎಲ್ಲೂ ಇಲ್ಲ.

"ತಾಯೀ, ನೀವು ಸಂಪೂರ್ಣ ಬೆರೆತಿದ್ದೀರಿ. ಎಮ್ಮೆ ತಗೊಳ್ಳಿ."

"ಬ್ಯಾಡ್ರಿ," ಅಂದಳು.

ಸಾಹೇಬರು ನಕ್ಕರು. ಅವರಿಗೂ ಈಗ ರೂಢಿ ಗೊತ್ತು. "ತಗೊಳ್ಳಿ."

"ಬ್ಯಾಡ್ರಿ."

"ತಗೊಳ್ಳೀಮ್ಮ."

"ಬ್ಯಾಡ್ರಿ."

ಮೂರಾಯಿತು. ಸಾಹೇಬರು ಹಗ್ಗ ಮುಂದೆ ಹಿಡಿದರು. "ಇನ್ನಾದರೂ ತಗೊಳ್ಳಿ."

"ಬ್ಯಾಡ್ರಿ ಸಾಹೇಬ್ರ," ಅಂದಳು ನಾಲ್ಕನೆಯ ಸಲ, ನಿಧಾನಕ್ಕೆ. "ಎಮ್ಮಿ ಇಲ್ಲಿಗೆ ಬಂದರ ಮೇವು ಯಾರು ಹಾಕೂದು?"

ಸಾಹೇಬರು ನನ್ನ ಕಡೆ ನೋಡಿದರು. ನಾಲ್ಕನೆಯ ಸಲ ಹೇಳಿದವಳು ಸೊಕ್ಕಿನವಳು, ಅದು ಬರೆದದ್ದೇ ಇದೆ. ಆದರೆ ಸೊಕ್ಕಿಗೆ ಶಿಕ್ಷೆ ಏನು ಅಂತ ನಾನು ಬರೆಸಿರಲಿಲ್ಲ. ಎಮ್ಮೆ ಬಂದ ದಾರಿ ಹಿಡಿದು ತಾನೇ ಕಚೇರಿಗೆ ನಡೆಯಿತು. ಅದಕ್ಕೂ ರೂಢಿಯಾಗಿತ್ತು.

ಈಗ ಎಲ್ಲ ಸುರಳೀತ ನಡೆದಿದೆ. ಹಳಿಯಾಳದವರು ಎಮ್ಮೆಯನ್ನು ಕಚೇರಿಯ ಕಾಯಂ ನೌಕರರ ಪಟ್ಟಿಯಲ್ಲಿ ಸೇರಿಸಿ, 'ಉತ್ಪಾದನೆಯುಳ್ಳ ಏಕೈಕ ಕಚೇರಿ' ಅಂತ ಹೊಗಳಿಕೆಯ ಕಾಗದ ಕಳಿಸಿದ್ದಾರೆ. ಉಳಿದ ಟಿಬೇಟದವರೂ ಅರ್ಜಿ ಹರಿದು ಒಗೆದು, ಪಾತ್ರೆ ಹಿಡಿದು ಪಾಳಿ ಹಚ್ಚಿದ್ದಾರೆ. ಹಿತ್ತಲಲ್ಲಿ ಈಗ ಆರು ಎಮ್ಮೆ. ಪಾಂಡಪ್ಪನ ಕೈಗೆ ಇನ್ನೊಬ್ಬ ಆಳು ಮಂಜೂರಾಗಿದ್ದಾನೆ. ಸಾಹೇಬರಿಗೆ ಊರ ಕಡೆಗೆ ವರ್ಗದ ಹುಕುಂ ಬಂದಿತ್ತು, ಅವರೇ ಬೇಡವೆಂದರು. ಅಲ್ಲಿ ಚಹಕ್ಕೆ ಸಕ್ಕರೆ ಹಾಕುತ್ತಾರಂತೆ, ಗಂಟಲಲ್ಲಿ ಇಳಿಯುವುದಿಲ್ಲವಂತೆ. ನಮ್ಮ ಊರಿಗೆ ಬಂದು ಬೇರೆ ದೇಶದ ರೂಢಿಯಲ್ಲಿ ಸಂಪೂರ್ಣ ಬೆರೆತವರು ಅಂದರೆ ಅವರೊಬ್ಬರೇ. ಅವರಿಗೆ ರೂಢಿ ಪತ್ರ ಕೊಡುವವರು ಯಾರೂ ಇಲ್ಲ.

ಇಷ್ಟು ಊರಿಗೆಲ್ಲ ಗೊತ್ತಿದ್ದ ಮಾತು. ಕದ ಮುಂದ ಮಾಡ್ರಿ ಅಂದದ್ದು ಇನ್ನು ಮುಂದಿನದಕ್ಕೆ.

ಯುಗಾದಿಯ ಮರುದಿನ. ನಮ್ಮ ಕಟ್ಟೆಯ ಮೇಲೆ ಓಣಿಯ ಹೆಂಗಸರೆಲ್ಲ ಕೂತಿದ್ದೆವು. ಯಂಚವ್ವ ಬಂದಳು. ಸೆರಗಿಲ್ಲದವಳು, ಪಟ್ಟೆ ಬಟ್ಟೆಯ ಕೆಳಗೆ ಮುಚ್ಚಿಕೊಂಡು ಏನನ್ನೋ ತಂದಿದ್ದಳು. ತೆಗೆದು ನನ್ನ ಮುಂದೆ ಇಟ್ಟಳು. ನನ್ನ ಬೋಗೋಣಿ! ಹುಣಸೆಹಣ್ಣು ಹಚ್ಚಿ ಬೆಳಗಿದ್ದಳು, ಬಂಗಾರದಂತೆ ಹೊಳೆಯುತ್ತಿತ್ತು. ಒಳಗೆ ಗೋಪುರ ಕಟ್ಟಿದಂತೆ ಬಿಳಿ ಬೆಣ್ಣೆ.

"ಹುಗ್ಗಿ ಹಾಕಿ ಕೊಟ್ಟಿದ್ದಿ ಯಕ್ಕಾ," ಅಂದಳು. "ತಡಾ ಆತು. ಸಿಟ್ಟು ಆಗಬ್ಯಾಡ."

ನನ್ನ ಎದೆ ಉಬ್ಬಿತು. ಎಲ್ಲರಿಗೂ ಕೇಳುವ ಹಂಗ ಅಂದೆ: "ನೋಡ್ರೆವಾ, ಕಣ್ಣು ಬಿಟ್ಟು ನೋಡ್ರಿ! ಇದು ರೂಢಿ ಅಂದರ! ಎಲ್ಲಿಂದಲೋ ಬಂದಾಕಿ, ನನ್ನ ಕಡೆಯಿಂದ ಕಲತಾಕಿ. ನಮ್ಮವ್ವ ಕಾಶೆವ್ವನ ಬೋಗೋಣಿ ಖಾಲಿ ಕೊಡಲಿಲ್ಲ!"

ಗುರುಬಸವ್ವ ಕೆಮ್ಮಲಿಲ್ಲ. ಜೋಳದ ಮೊರ ಪಕ್ಕಕ್ಕಿಟ್ಟು ಎದ್ದು ಬಂದಳು. ಬೋಗೋಣಿಯನ್ನು ಎರಡೂ ಕೈಯಲ್ಲಿ ಎತ್ತಿ, ಹೆಬ್ಬೆರಳಿಂದ ಆ 'ವ್ವ'ವನ್ನು ಸವರಿದಳು. ಹುಣಸೆಹಣ್ಣಿನ ಬೆಳಗಿಗೆ ಅದರ ಹಿಂದಿನ ಅಕ್ಷರಗಳೂ ಸಣ್ಣಗೆ ಎದ್ದಿದ್ದವು. ಆಮೇಲೆ ಎಲ್ಲರ ಎದುರಿಗೆ, ನನ್ನ ಮುಖಕ್ಕೆ ಮುಖ ಕೊಟ್ಟು ಅಂದಳು:

"ಬಂತಲ್ಲ ನೀಲಕ್ಕಾ, ಅಂತೂ ತುಂಬಿ ಬಂತಲ್ಲ. ನಮ್ಮತ್ತಿ ಶಿವವ್ವ ಇದರಾಗ ಹೋಳಿಗಿ ಹಾಕಿ ನಿನಗ ಕೊಟ್ಟಾಗ ನಾ ಇನ್ನ ಅರಿಷಿಣ ಆರದ ಸೊಸಿ. ಮೂವತ್ತೆಂಟು ವರ್ಷ ಆತು. ಕೇಳಿದಾಗೆಲ್ಲ, ಖಾಲಿ ಹೆಂಗ ಕೊಡಲಿ ಅಂದಿ. ಇವತ್ತ ನಾ ಒಯ್ಯತೇನಿ. ಬೆಣ್ಣಿಗೆ ಮಾತ್ರ ಕೈ ಹಚ್ಚಬ್ಯಾಡ ನನ್ನವ್ವಾ, ಖಾಲಿ ಕೊಡಬಾರದು."